ಸನ್ಸ್‌ಗೆ ಬಟ್ಲರ್ ಯಾಕೆ ಸಿಗ್ಲಿಲ್ಲ?

ಕಮ್ಮಿ ಸಂಬಳದ ಮೂರು ನಾಲ್ಕು ಪ್ಲೇಯರ್‌ಗಳನ್ನ ಸೇರಿಸಿ ಕೊಟ್ಟು ಬಾಸ್ಕೆಟ್‌ಬಾಲ್ ಟೀಮ್ ಫೀನಿಕ್ಸ್ ಸನ್ಸ್‌ನವರು ಇನ್ನೊಂದು ಟೀಮ್‌ನ ಸ್ಟಾರ್ ಜಿಮ್ಮಿ ಬಟ್ಲರ್‌ನ ತಗೋಬಹುದಿತ್ತಲ್ವಾ ಅಂತ ಕೇಳಿದ್ರಿ. ಆಗ್ತಿರ್ಲಿಲ್ಲ ಸರ್, ರೂಲೇ ಬಿಡಲ್ಲ.

2024-25ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸ್ಯಾಲರಿ ಕ್ಯಾಪ್, ಅಂದ್ರೆ ಒಂದು ಟೀಮ್‌ನ ಪ್ಲೇಯರ್‌ಗಳ ಒಟ್ಟು ಸಂಬಳಕ್ಕೆ ಇಟ್ಟ ಮಿತಿ, ಸುಮಾರು 14 ಕೋಟಿ ಡಾಲರ್. ಅದನ್ನ ದಾಟಬಹುದು, ಎಷ್ಟೋ ಟೀಮ್ ದಾಟ್ತಾವೆ, ಆದ್ರೆ ಅದಕ್ಕಿಂತ ತುಂಬಾ ಮೇಲೆ, ಆ ವರ್ಷ ಸುಮಾರು 18.9 ಕೋಟಿ ಹತ್ರ, ಸೆಕೆಂಡ್ ಏಪ್ರನ್ ಅಂತ ಒಂದು ಗೆರೆ ಇದೆ, ಲೀಗ್‌ಗೂ ಪ್ಲೇಯರ್‌ಗಳಿಗೂ ಆದ 2023ರ ಒಪ್ಪಂದದಲ್ಲಿ ಬಂದಿದ್ದು, ಅದನ್ನ ದಾಟಿದವರು ಇಬ್ಬರು ಮೂವರ ಸಂಬಳ ಕೂಡಿಸಿ ಒಬ್ಬ ದುಬಾರಿ ಪ್ಲೇಯರ್‌ನ ತಗೊಳ್ಳೋ ಹಾಗಿಲ್ಲ, ಕೊಟ್ಟಿದ್ದಕ್ಕಿಂತ ಜಾಸ್ತಿ ಸಂಬಳ ವಾಪಸ್ ತಗೊಳ್ಳೋ ಹಾಗೂ ಇಲ್ಲ, ಟ್ರೇಡ್‌ನಲ್ಲಿ (ಟೀಮ್‌ಗಳು ಪ್ಲೇಯರ್‌ಗಳನ್ನ ಅದಲು ಬದಲು ಮಾಡ್ಕೊಳ್ಳೋದು) ದುಡ್ಡು ಸೇರಿಸಿ ಕೊಡೋಕೂ ಆಗಲ್ಲ. ಸನ್ಸ್ ಆ ಗೆರೆ ಮೇಲೇ ಇತ್ತು.

ಈಗ ಲೆಕ್ಕ ಹಾಕಿ. ಬಟ್ಲರ್ ಸಂಬಳ ಸುಮಾರು 4.88 ಕೋಟಿ. ಒಬ್ಬನೇ ಅಷ್ಟು ತಗೊಳ್ತಿದ್ದವರು ಸನ್ಸ್‌ನಲ್ಲಿ ಮೂರೇ ಜನ: ಡುರಾಂಟ್, ಬುಕರ್, ಬೀಲ್. ಡುರಾಂಟ್‌ನ ಕೊಟ್ರೆ ಒಬ್ಬ ಸ್ಟಾರ್ ಹೋಗಿ ಇನ್ನೊಬ್ಬ ಬಂದ ಹಾಗೆ ಅಷ್ಟೇ. ಬುಕರ್‌ನ ಯಾರೂ ಕೊಡಲ್ಲ. ಬೀಲ್ ಕಾಂಟ್ರ್ಯಾಕ್ಟ್‌ನಲ್ಲಿ ನೋ-ಟ್ರೇಡ್ ಕ್ಲಾಸ್ (ಷರತ್ತು) ಇತ್ತು, ಅಂದ್ರೆ ಅವನು ಹೂಂ ಅನ್ನದೆ ಎಲ್ಲೂ ಕಳಿಸೋ ಹಾಗಿಲ್ಲ. ನನ್ನ ಪ್ರಕಾರ ಸನ್ಸ್ ಮಾಡಿದ ದೊಡ್ಡ ತಪ್ಪೇ ಅದು, 2023ರಲ್ಲಿ ಆ ಕ್ಲಾಸ್ ಸಮೇತ ಅವನನ್ನ ತಗೊಂಡಿದ್ದು.

ಕೊನೆಗೆ 2025ರ ಫೆಬ್ರವರಿಯಲ್ಲಿ ಬಟ್ಲರ್ ವಾರಿಯರ್ಸ್ ಟೀಮ್‌ಗೆ ಹೋದ. ಅದೇ ವರ್ಷ ಜುಲೈನಲ್ಲಿ ಸನ್ಸ್‌ನವರು ಬೀಲ್ ಕಾಂಟ್ರ್ಯಾಕ್ಟ್‌ನ ಬೈಔಟ್ ಮಾಡಿ (ದುಡ್ಡು ಕೊಟ್ಟು ಮುಗಿಸಿ) ಬಿಟ್ಟುಕೊಟ್ರು, ಅವನು ಕ್ಲಿಪ್ಪರ್ಸ್ ಟೀಮ್ ಸೇರ್ಕೊಂಡ.