ಬೆಲಾರೂಸ್ ಅಂಗಿಯ ಕೆಂಪು ಕಸೂತಿ ಬಗ್ಗೆ

ಪೂರ್ವ ಯುರೋಪಿನ ಬೆಲಾರೂಸ್ ದೇಶದ ಸಾಂಪ್ರದಾಯಿಕ ಅಂಗಿಗಳಲ್ಲಿ ಕೆಂಪು ಕಸೂತಿ ಕತ್ತು, ತೋಳು, ಅಂಚುಗಳಲ್ಲೇ ಯಾಕೆ, ಅದು ಬರೀ ಅಲಂಕಾರವೇ ಅಂತ ಕೇಳಿದ್ದೀರಿ. ಅಲ್ಲ. ಬಟ್ಟೆ ಮುಗಿದು ಮೈ ಶುರುವಾಗುವ ಕಡೆಯಿಂದಲೇ ಕೆಡುಕು ಒಳಗೆ ನುಸುಳುತ್ತದೆ ಅನ್ನೋದು ಅಲ್ಲಿನ ಹಳ್ಳಿಗರ ನಂಬಿಕೆಯಾಗಿತ್ತು. ಅದಕ್ಕೇ ಕತ್ತಿನ ಪಟ್ಟಿ, ಮುಂಗೈ, ಕೆಳಅಂಚಿಗೆ ಕೆಂಪು ದಾರದ ಕಾವಲು. ಅಂಗಿಯ ಬಟ್ಟೆ ಅಗಸೆ ನಾರಿನದು. ಬೆಳೆಯೋದು, ನೂಲೋದು, ನೇಯೋದು, ಬಿಸಿಲಿಗೆ ಹರವಿ ಬಿಳುಪು ಮಾಡೋದು ಎಲ್ಲವೂ ಮನೆಯಲ್ಲೇ, ಹೆಚ್ಚಾಗಿ ಹೆಂಗಸರ ಕೈಯಲ್ಲೇ ಆಗುತ್ತಿತ್ತು.

ತಲೆಯುಡುಗೆಯನ್ನೂ ಗಮನಿಸಿ. ಮದುವೆಯಾಗದ ಹುಡುಗಿಯರು ಜಡೆ ಕಾಣುವ ಹಾಗೆ ಪಟ್ಟಿ ಅಥವಾ ಹೂದಂಡೆ ಧರಿಸುತ್ತಿದ್ದರು. ಮದುವೆಯಾದವರು ಕೂದಲು ಪೂರ್ತಿ ಮುಚ್ಚಿ, 'ನಮಿತ್ಕಾ' ಎಂಬ ಹಲವು ಮೀಟರ್ ಉದ್ದದ ಬಿಳಿ ವಸ್ತ್ರ ಸುತ್ತುತ್ತಿದ್ದರು. ಸುತ್ತುವ ರೀತಿ ಊರಿಂದೂರಿಗೆ ಬೇರೆಯಾಗಿತ್ತು.

ಸ್ಲುತ್ಸ್ಕ್ ಪಟ್ಟಣದ ಪ್ರಸಿದ್ಧ ನಡುಪಟ್ಟಿಯನ್ನು ಮಾತ್ರ ರೈತರ ಉಡುಗೆ ಅಂದುಕೊಳ್ಳಬೇಡಿ. ಅದು 18ನೇ ಶತಮಾನದಲ್ಲಿ ರಾಡ್ಜಿವಿಲ್ ಎಂಬ ಸಿರಿವಂತ ಪಾಳೆಯಗಾರ ಮನೆತನದ ಕಾರ್ಖಾನೆಯಲ್ಲಿ ರೇಷ್ಮೆ, ಜರಿ ಹಾಕಿ ನೇಯ್ದ, ಶ್ರೀಮಂತ ಗಂಡಸರು ಕಟ್ಟುತ್ತಿದ್ದ ಪಟ್ಟಿ. ನೇಯುವವರೂ ಗಂಡಸರೇ.

ಈಗಿನ ಬೆಲಾರೂಸ್ ಧ್ವಜದ ಎಡಬದಿಯ ವಿನ್ಯಾಸ ನೋಡಿ: 1917ರಲ್ಲಿ ಮತ್ರ್ಯೋನಾ ಮಾರ್ಕೆವಿಚ್ ಎಂಬ ರೈತ ಮಹಿಳೆ ರಚಿಸಿದ 'ಉದಯಿಸುವ ಸೂರ್ಯ' ವಿನ್ಯಾಸವೇ ಅದಕ್ಕೆ ಆಧಾರ. ಹಳ್ಳಿ ಹೆಂಗಸಿನ ಕೈಕೆಲಸ ದೇಶದ ಬಾವುಟ ಏರಿದ್ದು ನನಗೆ ತುಂಬಾ ದೊಡ್ಡ ಸಂಗತಿ.