ಕ್ರೋನ್ಸ್ ಕಾಯಿಲೆ ಇದೆ, ಆಲ್ಬುಮಿನ್ 2.9 ಬಂದಿದೆ. ಯಾವ ಪ್ರೋಟೀನ್ ಪೌಡರ್ ತಗೊಂಡರೆ ಬೇಗ ಏರುತ್ತದೆ?

ಪೌಡರ್ ಆಮೇಲೆ. ನಿಮ್ಮ ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ರಕ್ತಪರೀಕ್ಷೆ) ಎಷ್ಟಿದೆ ಅಂತ ಮೊದಲು ನೋಡಿ.

ನನಗೂ ಇದೇ ಕಾಯಿಲೆ, ಕರುಳಿನಲ್ಲಿ ಉರಿಯೂತ ಬರುವಂಥದ್ದು. ನಮ್ಮ ಮನೆ ಬದಿಯಡ್ಕದ ಹತ್ತಿರ. ಕಾಸರಗೋಡಿನ ಈ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರೇ ಗತಿ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿತು. ನನ್ನ ಡಾಕ್ಟರು ಆ ಕಡೆ, ನಾನು ಈ ಕಡೆ. ಊರಿನ ಲ್ಯಾಬಿನಲ್ಲಿ ರಕ್ತದ ಪ್ರೋಟೀನಾದ ಆಲ್ಬುಮಿನ್ ಒಂದನ್ನೇ ಮಾಡಿಸಿದೆ. 2.8 ಬಂತು. 3.5 ಆದರೂ ಇರಬೇಕಿತ್ತು, ಹಾಗಾಗಿ ಊಟ ಸಾಲುತ್ತಿಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ಮೊಟ್ಟೆ, ಹೆಸರುಕಾಳು, ಡಬ್ಬಿಗಟ್ಟಲೆ ಪೌಡರ್. ಅಮ್ಮ ಕುಚ್ಚಿಲಕ್ಕಿ ಗಂಜಿಗೂ ಅದನ್ನು ಕಲಸಿ ಕೊಡುತ್ತಿದ್ದರು. ಮಳೆಗಾಲದಲ್ಲಿ ಮತ್ತೆ ನೋಡಿದರೆ 2.6.

ಎಲ್ಲಿ ತಪ್ಪಿದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಅಲ್ಲೇ ನಿಂತಿದ್ದೀರಿ. ಆಲ್ಬುಮಿನ್ ತಯಾರಾಗುವುದು ಲಿವರ್‌ನಲ್ಲಿ. ಕರುಳಿನಲ್ಲಿ ಉರಿಯೂತ ಇದ್ದಾಗ ಲಿವರ್ ಸಿಆರ್‌ಪಿಯಂಥ ಪ್ರೋಟೀನುಗಳನ್ನು ಜಾಸ್ತಿ ಮಾಡುತ್ತದೆ, ಆಲ್ಬುಮಿನ್ ಕಡಿಮೆ ಮಾಡುತ್ತದೆ. ಇರುವುದೂ ರಕ್ತನಾಳದಿಂದ ಆಚೆ ಜಾರುತ್ತದೆ, ಹುಣ್ಣಾದ ಕರುಳಿನಿಂದ ಸೋರುತ್ತದೆ. ಸಾಲದ್ದಕ್ಕೆ ಅದರ ಅರ್ಧಾಯುಷ್ಯ, ಅಂದರೆ ಇರುವುದರಲ್ಲಿ ಅರ್ಧ ಕರಗಲು ಬೇಕಾದ ಕಾಲ, ಸುಮಾರು 20 ದಿನ. ಈ ವಾರ ಏನು ತಿಂದಿರಿ ಅನ್ನುವುದು ಈ ವಾರದ ರಿಪೋರ್ಟಿನಲ್ಲಿ ಕಾಣುವುದೇ ಇಲ್ಲ. ಪ್ರಿಆಲ್ಬುಮಿನ್ (ಲಿವರ್ ಮಾಡುವ ಇನ್ನೊಂದು ಪ್ರೋಟೀನ್) ಮಾಡಿಸಿ ಅನ್ನುವವರೂ ಇದ್ದಾರೆ. ಅದು ಎರಡು ಮೂರು ದಿನದಲ್ಲಿ ಬದಲಾಗುತ್ತದೆ ನಿಜ, ಆದರೆ ಉರಿಯೂತಕ್ಕೆ ಅದೂ ಇಳಿಯುತ್ತದೆ. ಕಾಯಿಲೆ ಜೋರಾಗಿದೆ ಅಂತ ರಕ್ತ ಹೇಳುತ್ತಿದ್ದಾಗ ನಾನು ತಿನ್ನುತ್ತಾ ಕೂತಿದ್ದೆ.

ಗಡಿ ತೆರೆದ ಮೇಲೆ ಮಂಗಳೂರಿನಲ್ಲಿ ನೋಡಿದರೆ, 5ರೊಳಗೆ ಇರಬೇಕಾದ ಸಿಆರ್‌ಪಿ 62 ಇತ್ತು. ಸಣ್ಣ ಕರುಳಿನ ಕೊನೆ ಕಿರಿದಾಗಿ ಹೋಗಿತ್ತು. ಆ ತುಂಡನ್ನು ಕತ್ತರಿಸಿ ತೆಗೆಯಬೇಕಾಯಿತು. ಬಿ12 ಹೀರಿಕೊಳ್ಳುವ ಜಾಗವೇ ಅದು, ಈಗ ಅದಕ್ಕೂ ಇಂಜೆಕ್ಷನ್. ಔಷಧಿ ಬದಲಾಗಿ ಉರಿಯೂತ ಇಳಿದ ಮೇಲೆ ಪೌಡರ್ ಇಲ್ಲದೆಯೇ ಆಲ್ಬುಮಿನ್ 3.9 ಆಯಿತು.

ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಉಲ್ಟಾ ಮೋಸ ಮಾಡುತ್ತದೆ, ಉರಿಯೂತದಲ್ಲಿ ಏರುತ್ತದೆ. ನನ್ನದು 80, ಲ್ಯಾಬಿನವರು ನಾರ್ಮಲ್ ಅಂದರು, ಹಿಮೋಗ್ಲೋಬಿನ್ ಮಾತ್ರ 9. ಸಿಆರ್‌ಪಿ ಜಾಸ್ತಿ ಇರುವಾಗ ಫೆರಿಟಿನ್ 100ರ ತನಕ ಇದ್ದರೂ ಕಬ್ಬಿಣದ ಕೊರತೆ ಇರಬಹುದು. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣದ ಪರೀಕ್ಷೆ) ಕೂಡ ಕೇಳಿ.

ಊಟ ಬಿಡಿ ಅಂತ ಹೇಳುತ್ತಿಲ್ಲ. ಕಾಯಿಲೆ ಜೋರಿರುವಾಗ ದಿನಕ್ಕೆ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೇ ಬೇಕು. ಆದರೆ ಮೈಗೆ ಹತ್ತುತ್ತಿದೆಯಾ ಅಂತ ತಿಳಿಯಲು ತೂಕದ ಯಂತ್ರ ಸಾಕು, ಆರು ತಿಂಗಳಲ್ಲಿ ಎಷ್ಟು ಇಳಿದಿದ್ದೀರಿ ಬರೆದಿಡಿ. ಕೆಲವರಿಗೆ ಕರುಳು ಕೆಟ್ಟಿದ್ದರೂ ಸಿಆರ್‌ಪಿ ಏರುವುದಿಲ್ಲ, ಹಾಗಾಗಿ ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತ ತೋರಿಸುವ ಪರೀಕ್ಷೆ) ಕೂಡ ಮಾಡಿಸಿ. ಅದು 250 ದಾಟಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.