ನಮ್ಮ ಊರಿನ ಟಾಕೀಸು ಎಂತ ಆಯ್ತು ಅಂತ ಕೇಳಿದ್ರಲ್ಲ

ನೀವು ಬೆಂಗಳೂರಿನವರು, ನೀವು ಕೇಳಿದ್ದರಲ್ಲಿ ತಪ್ಪೇನಿಲ್ಲ. ಕಾಸರಗೋಡಲ್ಲಿ ಅಷ್ಟು ಕನ್ನಡದವರು ಇದ್ದೀರಿ ಅಂತೀರಿ, ಹಾಗಾದ್ರೆ ಕನ್ನಡ ಸಿನಿಮಾ ಎಲ್ಲಿ ನೋಡ್ತೀರಿ, ಹಳೇ ಟಾಕೀಸುಗಳು ಎಂತ ಆದ್ವು ಅಂತ. ಇದಕ್ಕೆ ಎರಡು ಸಾಲಲ್ಲಿ ಉತ್ತರ ಹೇಳ್ಲಿಕ್ಕೆ ಆಗುದಿಲ್ಲ, ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಇದ್ರೆ ಓದಿ.

ನಮ್ಮದು ಉಪ್ಪಳದ ಹತ್ರ. ಕರ್ನಾಟಕ ಕೇರಳ ಗಡಿಯ ತಲಪಾಡಿ ಚೆಕ್‌ಪೋಸ್ಟ್ ದಾಟಿ ದಕ್ಷಿಣಕ್ಕೆ ಬಂದ್ರೆ ಮಂಜೇಶ್ವರ, ಉಪ್ಪಳ, ಕುಂಬಳೆ, ಆಮೇಲೆ ಕಾಸರಗೋಡು ಪೇಟೆ. 1956 ನವೆಂಬರ್ 1ರ ತನಕ ನಾವೂ ಮಂಗಳೂರಿನವರೂ ಒಂದೇ ಜಿಲ್ಲೆಯವರು, ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ. ಆ ದಿನದಿಂದ ನಾವು ಕೇರಳ, ಅವರು ಮೈಸೂರು. 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸ್ಬೇಕು ಅಂತ ಹೇಳಿತು, ಅದು ಕಾಗದದಲ್ಲೇ ಉಳಿಯಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತ್ ಆಫೀಸಲ್ಲಿ ಮಲಯಾಳ, ಪೇಟೆಗೆ ಹೋದ್ರೆ ಬ್ಯಾರಿ, ಕೊಂಕಣಿ, ಉರ್ದು ಎಲ್ಲ ಕೇಳ್ತದೆ. ಈ ಭಾಷೆಗಳ ಲೆಕ್ಕ ಗೊತ್ತಿಲ್ಲದೆ ನಮ್ಮ ಟಾಕೀಸಿನ ಕಥೆ ಅರ್ಥ ಆಗುದಿಲ್ಲ, ಅದಕ್ಕೆ ಮೊದಲೇ ಹೇಳಿದೆ.

ಟಾಕೀಸಿಗಿಂತ ಮೊದಲು ಇದ್ದದ್ದು ಟೆಂಟು. ಅಪ್ಪ ಹೇಳುವ ಪ್ರಕಾರ ಕೊಯ್ಲು ಮುಗಿದ ಗದ್ದೆಯಲ್ಲಿ ಒಂದು ವಾರ ಯಕ್ಷಗಾನದ ಟಿಕೆಟ್ ಮೇಳ ಇದ್ರೆ ಇನ್ನೊಂದು ವಾರ ಅದೇ ಗದ್ದೆಯಲ್ಲಿ ಟೂರಿಂಗ್ ಟಾಕೀಸು. ಎರಡೂ ಪತ್ತನಾಜೆಯ ಹೊತ್ತಿಗೆ, ಅಂದ್ರೆ ಮೇ ಕೊನೆಗೆ, ಗಂಟು ಮೂಟೆ ಕಟ್ಟಬೇಕು, ಮಳೆಗಾಲದಲ್ಲಿ ಗದ್ದೆಯಲ್ಲಿ ಉಳುಮೆ ಅಲ್ವಾ, ಟೆಂಟು ಹಾಕುದೆಲ್ಲಿ. ಜನರೂ ಅವರೇ, ಯಕ್ಷಗಾನದ ಆಟಕ್ಕೆ ಬರುವವರೇ ಸಿನಿಮಾಕ್ಕೂ ಬರುವವರು. ನೆಲಕ್ಕೆ ಚಾಪೆ ತಗೊಂಡು ಹೋಗಿ ಕೂತ್ರೆ ಆಯ್ತು.

ಆಮೇಲೆ ಊರಿನಲ್ಲೇ ಒಂದು ಕಾಯಂ ಟಾಕೀಸು ಆಯ್ತು. ಹೆಸರು ಬರೆಯುದಿಲ್ಲ, ಅವರ ಮನೆಯವರು ಈಗಲೂ ಇಲ್ಲೇ ಇದ್ದಾರೆ. ಕೆಂಪು ಕಲ್ಲಿನ ಗೋಡೆ, ಮೇಲೆ ಶೀಟು, ಎದುರು ನೆಲ, ಅದರ ಹಿಂದೆ ಬೆಂಚು, ಕೊನೆಯಲ್ಲಿ ನಾಲ್ಕೈದು ಸಾಲು ಕುರ್ಚಿ. ಶೋ ಶುರು ಆಗುವ ಮೊದಲು ಗೋಪುರದ ಹಾಗೆ ನಿಲ್ಲಿಸಿದ ಕಂಬದ ಮೇಲಿನ ಹಾರ್ನಿಂದ ಪದ್ಯ ಹಾಕ್ತಿದ್ರು, ಎರಡು ಮೈಲಿಗೆ ಕೇಳ್ತಿತ್ತು. ಮೊದಲ ಪದ್ಯ ಕೇಳಿದಾಗ ಅಮ್ಮ ಬೀಡಿ ಸೂಪು, ಅಂದ್ರೆ ಬೀಡಿ ಕಟ್ಟುವಾಗ ಮಡಿಲಲ್ಲಿ ಇಟ್ಟುಕೊಳ್ಳುವ ಮೊರ, ಕೆಳಗಿಟ್ಟು ಏಳಬೇಕು, ಎರಡನೇ ಪದ್ಯಕ್ಕೆ ತಲೆ ಬಾಚಿ ಆಗಿರ್ಬೇಕು, ಮೂರನೇ ಪದ್ಯ ಮುಗಿಯುವಾಗ ನಾವು ಟಿಕೆಟ್ ಕಿಟಕಿಯ ಎದುರು ಇರ್ತಿದ್ದೆವು. ಗಡಿಯಾರ ನಮ್ಮ ಮನೆಯಲ್ಲಿ ಆಗ ಇರ್ಲಿಲ್ಲ. ಬೀಡಿ ಕಟ್ಟುವ ಹೆಂಗಸರು ಇಲ್ಲದಿದ್ರೆ ಆ ಟಾಕೀಸು ಅಷ್ಟು ವರ್ಷ ನಡೀತಿರ್ಲಿಲ್ಲ, ಇದನ್ನು ಯಾರೂ ಹೇಳುದಿಲ್ಲ, ನಾನು ಹೇಳ್ತೇನೆ. ಶನಿವಾರ ಮಜೂರಿ ಸಿಕ್ಕಿದ್ರೆ ಆದಿತ್ಯವಾರದ ಮ್ಯಾಟಿನಿ ಪೂರ್ತಿ ಹೆಂಗಸರು ಮಕ್ಕಳು. ಇಂಟರ್ವಲ್‌ನಲ್ಲಿ ಚರುಮುರಿ, ಗೋಲಿ ಸೋಡ, ಮಕ್ಕಳ ಕೂಗು, ಒಳಗೆ ಬೀಡಿ ಹೊಗೆ, ಎಲ್ಲ ಒಟ್ಟಿಗೆ.

ಇನ್ನೊಂದು ವಿಷಯ ನಿಮಗೆ ಹೊಸತಾಗಿರಬಹುದು. ಕೇರಳದಲ್ಲಿ ಸಿನಿಮಾ ಟಿಕೆಟಿನ ಮನರಂಜನಾ ತೆರಿಗೆ ಹೋಗ್ತಿದ್ದದ್ದು ಪಂಚಾಯತ್ತಿಗೆ, ರಾಜ್ಯದ ಖಜಾನೆಗಲ್ಲ. ಟಿಕೆಟ್ ಪುಸ್ತಕ ಪಂಚಾಯತ್ ಆಫೀಸಿಗೆ ತಗೊಂಡು ಹೋಗಿ ಸೀಲ್ ಹಾಕಿಸಿಕೊಂಡು ಬರಬೇಕು, ಸೀಲ್ ಇಲ್ಲದ ಟಿಕೆಟ್ ಹರಿಯುವ ಹಾಗಿಲ್ಲ. ಹಾಗಾಗಿ ಒಂದು ಟಾಕೀಸು ಮುಚ್ಚಿದ್ರೆ ಪಂಚಾಯತ್ತಿಗೂ ಪೆಟ್ಟು. ಕರ್ನಾಟಕದಲ್ಲಿ ಕನ್ನಡ ಮತ್ತು ತುಳು ಸಿನಿಮಾಕ್ಕೆ ಈ ತೆರಿಗೆಯಿಂದ ವಿನಾಯ್ತಿ ಇತ್ತು, ಗಡಿ ದಾಟಿ ಈಚೆ ಬಂದ ಕೂಡ್ಲೆ ಅದೇ ಸಿನಿಮಾ ಪರಭಾಷೆ ಸಿನಿಮಾ ಆಗಿ ಪೂರ್ತಿ ತೆರಿಗೆ ಕಟ್ಟಬೇಕು. ನಮ್ಮ ಅಜ್ಜಿಯ ಕಾಲದಿಂದ ಇಲ್ಲೇ ಮಾತಾಡುವ ಭಾಷೆ ಪರಭಾಷೆ. 2017 ಜುಲೈಯಲ್ಲಿ ಜಿಎಸ್‌ಟಿ ಬಂದು ಆ ಲೆಕ್ಕ ಎಲ್ಲ ಬದಲಾಯ್ತು, ಆದ್ರೆ ಅಷ್ಟು ಹೊತ್ತಿಗೆ ನಮ್ಮ ಟಾಕೀಸು ಇರ್ಲಿಲ್ಲ.

ತೆರಿಗೆಗಿಂತ ದೊಡ್ಡ ತೊಂದರೆ ಪೆಟ್ಟಿಗೆಯದ್ದು. ಫಿಲಂ ಪೆಟ್ಟಿಗೆ ಅಂತ ನಾನು ಹೇಳುದು ರೀಲಿನ ಪ್ರಿಂಟ್ ಬರುವ ತಗಡಿನ ಡಬ್ಬ. ಆಗ ಸಿನಿಮಾ ಮಾರಾಟ ಆಗ್ತಿದ್ದದ್ದು ಏರಿಯಾ ಲೆಕ್ಕದಲ್ಲಿ. ಬೆಂಗಳೂರು ಕೋಲಾರ ತುಮಕೂರು ಒಂದು, ಮೈಸೂರು ಮಂಡ್ಯ ಕೊಡಗು ಹಾಸನ ಒಂದು, ಹೈದರಾಬಾದ್ ಕರ್ನಾಟಕ ಒಂದು, ದಕ್ಷಿಣ ಕನ್ನಡ ಒಂದು, ಹೀಗೆ. ಕೇರಳದ್ದು ಬೇರೆಯೇ, ಅಲ್ಲಿ ಎ ಕ್ಲಾಸ್ ಸೆಂಟರ್, ಬಿ ಕ್ಲಾಸ್, ಸಿ ಕ್ಲಾಸ್ ಅಂತ ವಿಂಗಡಣೆ, ಎ ಸೆಂಟರಲ್ಲಿ ಓಡಿ ಸಾಕಾದ ಮೇಲೆ ಬಿ, ಆಮೇಲೆ ಸಿ. ಈಗ ನೀವೇ ಹೇಳಿ, ಕಾಸರಗೋಡಿನ ಕನ್ನಡ ಪ್ರೇಕ್ಷಕ ಯಾವ ಏರಿಯಾಕ್ಕೆ ಸೇರಿದವ? ಕನ್ನಡ ಸಿನಿಮಾ ತಗೊಂಡವನ ಲೆಕ್ಕ ತಲಪಾಡಿಯಲ್ಲಿ ಮುಗೀತದೆ, ಕೇರಳದ ವಿತರಕನಿಗೆ ಎರಡು ಮೂರು ಟಾಕೀಸಿಗೋಸ್ಕರ ಕನ್ನಡ ಪ್ರಿಂಟ್ ತರಿಸಿ ಲಾಭ ಇಲ್ಲ. ಹಾಗಾಗಿ ನಮಗೆ ಕನ್ನಡ ಸಿನಿಮಾ ಬರ್ತಿದ್ದದ್ದು ಮಂಗಳೂರಲ್ಲಿ ಓಡಿ ಮುಗಿದು, ಗೀರು ಬಿದ್ದು, ಅಲ್ಲಲ್ಲಿ ತುಂಡಾಗಿ ಅಂಟಿಸಿದ ಪ್ರಿಂಟ್ ಯಾರದ್ದಾದ್ರೂ ಪರಿಚಯದಲ್ಲಿ ಸಿಕ್ಕಿದ್ರೆ ಮಾತ್ರ. ವಾರಕ್ಕೆ ಒಂದು ಅಂತ ಇದ್ದ ಕನ್ನಡ ಸಿನಿಮಾ ತಿಂಗಳಿಗೆ ಒಂದು ಆಯ್ತು, ಆಮೇಲೆ ಹಬ್ಬಕ್ಕೆ ಒಂದು. ಉಳಿದ ದಿನ ಮಲಯಾಳ, ತಮಿಳು, ಹಿಂದಿ. ನಾವು ಅದನ್ನೂ ಇಷ್ಟಪಟ್ಟೇ ನೋಡಿದೆವು, ನನ್ನ ಮಲಯಾಳ ಬಂದದ್ದೇ ಆ ಬೆಂಚಿನಿಂದ, ಅದರ ಬಗ್ಗೆ ಬೇಸರ ಏನೂ ಇಲ್ಲ.

ನನಗೆ ಆಪರೇಟರಣ್ಣನ ರೂಮಿಗೆ ಹೋಗ್ಲಿಕ್ಕೆ ಬಿಡ್ತಿದ್ರು, ಅಪ್ಪನ ಪರಿಚಯ ಇತ್ತು. ಎರಡು ಪ್ರೊಜೆಕ್ಟರ್ ಮೆಷಿನ್, ಒಳಗೆ ಬೆಳಕಿಗೆ ಕಾರ್ಬನ್ ಕಡ್ಡಿ ಉರಿಯುದು, ಆ ಬಿಸಿಯಲ್ಲಿ ಅವರು ಬರೀ ಬನಿಯನಲ್ಲಿ. ಕಡ್ಡಿ ಉರಿದು ಸಣ್ಣ ಆದ ಹಾಗೆ ಅವುಗಳ ಮಧ್ಯದ ಅಂತರ ಸರಿ ಮಾಡ್ತಾ ಇರ್ಬೇಕು, ಇಲ್ಲದಿದ್ರೆ ಪರದೆ ಮೇಲೆ ಬೆಳಕು ಮಂಕಾಗಿ ಕೆಳಗಿಂದ ಶಿಳ್ಳೆ ಶುರು. ಎರಡು ಸಾವಿರ ಅಡಿಯ ರೀಲು ಸುಮಾರು 20 ನಿಮಿಷಕ್ಕೆ ಮುಗೀತದೆ. ಮುಗಿಯುವ ಹೊತ್ತಿಗೆ ಚಿತ್ರದ ಬಲಬದಿ ಮೇಲೆ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚ್ತದೆ, ಆಗ ಎರಡನೇ ಮೆಷಿನ್ ಓಡಿಸುದು, ಇನ್ನೊಂದು ಚುಕ್ಕೆ ಬಂದಾಗ ಬದಲಿಸುದು. ಅದು ಗೊತ್ತಾದ ಮೇಲೆ ನಾನು ಯಾವ ಸಿನಿಮಾ ನೋಡಿದ್ರೂ ಮೊದಲು ಆ ಮೂಲೆಯನ್ನೇ ನೋಡುದು, ಈಗ ಡಿಜಿಟಲ್ ಬಂದು ಚುಕ್ಕೆಯೇ ಇಲ್ಲ, ಆದ್ರೂ ಕಣ್ಣು ಹೋಗ್ತದೆ.

ಮುಚ್ಚಿದ್ದು ಹೇಗೆ ಅಂತ ಕೇಳಿದ್ರಿ. ಎಲ್ಲರೂ ಟಿವಿಯಿಂದ ಅಂತಾರೆ. ನಮ್ಮಲ್ಲಿ ಟಿವಿಗಿಂತ ಮೊದಲು ಬಂದದ್ದು ಗಲ್ಫ್. ಇಲ್ಲಿ ಪ್ರತಿ ಎರಡು ಮನೆಗೆ ಒಬ್ಬ ದುಬೈಯಲ್ಲೋ ಸೌದಿಯಲ್ಲೋ ಇದ್ದ ಕಾಲ ಅದು. ಎಂಬತ್ತರ ದಶಕದಲ್ಲಿ ರಜೆಗೆ ಬರುವಾಗ ಸೆಂಟು, ಟಾರ್ಚು, ಕಂಬಳಿಯ ಒಟ್ಟಿಗೆ ಕ್ಯಾಸೆಟ್ ಹಾಕಿ ಸಿನಿಮಾ ನೋಡುವ ವಿಸಿಆರ್ ತರ್ಲಿಕ್ಕೆ ಶುರು ಮಾಡಿದ್ರು. ರಾತ್ರಿ ಗಲ್ಫಿನವರ ಜಗಲಿಯಲ್ಲಿ ಇಡೀ ವಠಾರವೇ ಕೂತು ಸಿನಿಮಾ ನೋಡುದು, ಟಿಕೆಟ್ ಇಲ್ಲ, ಮೇಲಿಂದ ಚಾ. ಸೆಕೆಂಡ್ ಶೋ ಖಾಲಿ ಆದದ್ದು ಆಗಲೇ. ಆಮೇಲೆ 1993ರಲ್ಲಿ ಏಷ್ಯಾನೆಟ್, 1994ರಲ್ಲಿ ಉದಯ ಟಿವಿ, ಕೇಬಲಿನವ ಮನೆ ಮನೆಗೆ ವಯರ್ ಎಳೆದ. ಬೀಡಿ ಕಟ್ಟುವವರು ಟಿವಿ ಎದುರೇ ಕೂತು ಬೀಡಿ ಕಟ್ಟಬಹುದು, ಸೂಪು ಕೆಳಗಿಡುವ ಕೆಲಸವೇ ಇಲ್ಲ. ಅಮ್ಮನೂ ಹಾಗೆಯೇ ಮಾಡಿದ್ದು, ಅವರನ್ನು ಹೇಗೆ ದೂರುದು, ಒಂದು ಮ್ಯಾಟಿನಿಗೆ ಹೋದ್ರೆ ಅರ್ಧ ದಿನದ ಬೀಡಿ ಹೋಗ್ತದೆ.

ಮಳೆಯದ್ದೂ ಪಾಲು ಉಂಟು. ಜೂನಿಂದ ಆಗಸ್ಟ್ ತನಕ ನಮ್ಮ ಕರಾವಳಿಯ ಮಳೆ ಶೀಟಿನ ಮೇಲೆ ಬಿದ್ರೆ ಡೈಲಾಗ್ ಒಂದೂ ಕೇಳುದಿಲ್ಲ, ಬಾಯಿ ಆಡುದು ಮಾತ್ರ ಕಾಣುದು. ಮೊದಲು ಜನ ಅದನ್ನೂ ಸಹಿಸಿಕೊಂಡು ಕೂತಿದ್ರು. ಮನೆಯಲ್ಲಿ ಟಿವಿ ಬಂದ ಮೇಲೆ ಮೂರು ತಿಂಗಳು ಕುರ್ಚಿ ಪೂರ್ತಿ ಖಾಲಿ. ಒಂದು ಮಳೆಗಾಲದಲ್ಲಿ ರಿಪೇರಿ ಅಂತ ಬೋರ್ಡ್ ಹಾಕಿದವರು ದೀಪಾವಳಿಗೂ ತೆಗೀಲಿಲ್ಲ. ಕೊನೇ ಶೋ ಅಂತ ಒಂದು ಆಗ್ಲೇ ಇಲ್ಲ ನಮ್ಮಲ್ಲಿ, ಯಾರೂ ಕೊನೇದು ಅಂತ ಗೊತ್ತಿದ್ದು ನೋಡ್ಲಿಲ್ಲ. ನನಗೆ ಅದೇ ದೊಡ್ಡ ಬೇಸರ.

ಈಗ ಅದು ಕಲ್ಯಾಣ ಮಂಟಪ. ಕೇರಳದಲ್ಲಿ ಇಂತಹ ಎಷ್ಟೋ ಬಿ ಕ್ಲಾಸ್ ಟಾಕೀಸುಗಳು ಹಾಗೆಯೇ ಆದದ್ದು, ದೊಡ್ಡ ಹಾಲು ರೆಡಿ ಉಂಟು, ವಾಹನ ನಿಲ್ಲಿಸ್ಲಿಕ್ಕೆ ಜಾಗ ಉಂಟು, ಪರದೆ ಇದ್ದಲ್ಲಿ ಮಂಟಪ ಕಟ್ಟಿದ್ರೆ ಆಯ್ತು. ನೆಲದ ಇಳಿಜಾರು ಪೂರ್ತಿ ಸರಿ ಮಾಡ್ಲಿಲ್ಲ. ದೊಡ್ಡಮ್ಮನ ಮಗಳ ಮದುವೆ ಅಲ್ಲಿಯೇ ಆದದ್ದು, ಊಟದ ಹೊತ್ತಿಗೆ ಎಲೆಯಲ್ಲಿ ಸಾರು ಎದುರಿನ ಬದಿಗೆ ಹರೀತದೆ, ಹಿಂದಿನ ಗೋಡೆಯಲ್ಲಿ ಮೆಷಿನ್ ರೂಮಿನ ಎರಡು ಚೌಕ ಕಿಂಡಿ ಹಾಗೆಯೇ ಉಂಟು, ಪೈಂಟ್ ಹೊಡೆದಿದ್ದಾರೆ ಅಷ್ಟೆ.

ಹಾಗಾದ್ರೆ ಕನ್ನಡ ಸಿನಿಮಾ? ಮಂಗಳೂರು. 1971ರಲ್ಲಿ ಮೊದಲ ತುಳು ಸಿನಿಮಾ ಬಂದಾಗ ಅಪ್ಪ ಮತ್ತು ಅವರ ದೋಸ್ತಿಗಳು ಗಡಿ ದಾಟಿ ಹೋಗಿ ನೋಡಿ ಬಂದದ್ದನ್ನು ಈಗಲೂ ಹೇಳ್ತಾರೆ, ಪರದೆ ಮೇಲೆ ಮನೆಮಾತು ಕೇಳಿದ್ದು ಅದೇ ಮೊದಲು ಅಂತೆ. ನಮ್ಮ ಕಾಲದಲ್ಲಿ ಜ್ಯೋತಿ, ಸೆಂಟ್ರಲ್, ರೂಪವಾಣಿ, ಪ್ರಭಾತ್, ಸುಚಿತ್ರ, ರಾಮಕಾಂತಿ ಟಾಕೀಸುಗಳು. ಕಾಸರಗೋಡು ಮಂಗಳೂರು ರೂಟಲ್ಲಿ ಎರಡು ರಾಜ್ಯದ ಸರಕಾರಿ ಬಸ್ಸೂ ಓಡ್ತದೆ, ಯಾವುದು ಮೊದಲು ಬಂತೋ ಅದಕ್ಕೆ ಹತ್ತುದು. ಜ್ಯೋತಿ ಇದ್ದ ಸರ್ಕಲಿಗೆ ಅಂಬೇಡ್ಕರ್ ವೃತ್ತ ಅಂತ ಹೆಸರು, ಆದ್ರೂ ಸಿಟಿ ಬಸ್ಸಿನ ಕಂಡಕ್ಟರ್ ಕೂಗುದು ಜ್ಯೋತಿ ಜ್ಯೋತಿ ಅಂತಲೇ. ನ್ಯೂಚಿತ್ರ ಟಾಕೀಸು ಹೋಗಿ ಎಷ್ಟೋ ಕಾಲ ಆಯ್ತು, ಸ್ಟಾಪು ಈಗಲೂ ನ್ಯೂಚಿತ್ರ.

2010ರ ಹೊತ್ತಿಗೆ ಅಲ್ಲಿ ಮಾಲ್‌ಗಳು ಬಂದು ಮಲ್ಟಿಪ್ಲೆಕ್ಸ್ ಆಯ್ತು, 2014ರಲ್ಲಿ ಪಾಂಡೇಶ್ವರದಲ್ಲಿ ಇನ್ನೊಂದು ದೊಡ್ಡ ಮಾಲ್. ಕಾಲೇಜು ಮಕ್ಕಳು ಅತ್ತ ಹೋದ್ರು, ನಾವು ಮಾತ್ರ ಜ್ಯೋತಿಗೇ ಹೋಗ್ತಿದ್ದೆವು. 2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯ ಬಗ್ಗೆಯೇ ಒಂದು ಸಿನಿಮಾ ಬಂತಲ್ಲ, ಅದನ್ನು ನೋಡ್ಲಿಕ್ಕೂ ನಾವು ನಮ್ಮ ಜಿಲ್ಲೆ ಬಿಟ್ಟು ಮಂಗಳೂರಿಗೇ ಹೋದದ್ದು. ಥಿಯೇಟರಲ್ಲಿ ನಮ್ಮೂರಿನ ಹೆಸರು ಬಂದಾಗಲೆಲ್ಲ ನನ್ನ ಮಗಳು ನನ್ನ ಕೈ ಹಿಡ್ಕೊಂಡಳು. ಅವಳು ಓದಿದ್ದೂ ಅಂತಹದ್ದೇ ಶಾಲೆಯಲ್ಲಿ.

ಆಮೇಲೆ 2020ರ ಮಾರ್ಚ್, ಕೊರೊನ. ತಲಪಾಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ತಂದು ಸುರಿದ್ರು. ಮಂಗಳೂರಿನ ಆಸ್ಪತ್ರೆಗೆ ಹೋಗ್ಬೇಕಾದವರು ಆಂಬುಲೆನ್ಸಲ್ಲೇ ಕಾದು ಜೀವ ಹೋದದ್ದು ಉಂಟು, ಆ ಹೊತ್ತಲ್ಲಿ ಸಿನಿಮಾದ ಮಾತು ಯಾರಿಗೆ ಬೇಕು. ಆ ವರ್ಷ ಅಕ್ಟೋಬರಲ್ಲಿ ಕರ್ನಾಟಕದಲ್ಲಿ ಅರ್ಧ ಸೀಟಿಗೆ ಥಿಯೇಟರ್ ತೆಗೆದ್ರು, ಕೇರಳದಲ್ಲಿ ತೆಗೆದದ್ದು 2021 ಜನವರಿಯಲ್ಲಿ. 2021ರಲ್ಲೂ ಆರ್‌ಟಿಪಿಸಿಆರ್ ರಿಪೋರ್ಟ್ ಇಲ್ಲದೆ ಗಡಿ ದಾಟುವ ಹಾಗಿಲ್ಲ ಅಂತ ಮತ್ತೆ ತಡೆದ್ರು. ಸಿನಿಮಾ ಟಿಕೆಟಿಗಿಂತ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುದು ದುಬಾರಿ. ಎಲ್ಲ ಸರಿ ಆಗಿ ನಾವು ಮೊದಲಿನ ಹಾಗೆ ಹೋಗ್ಲಿಕ್ಕೆ ಶುರು ಮಾಡುವಾಗ ಜ್ಯೋತಿಯ ಬಾಗಿಲು ಪುನಃ ತೆಗೀಲಿಲ್ಲ, ಮತ್ತೆ ಕಟ್ಟಡವನ್ನೂ ಕೆಡವಿದ್ರು. ಬಸ್ಸಲ್ಲಿ ಹೋಗುವಾಗ ಆ ಬದಿಗೆ ನೋಡುದನ್ನು ಅಮ್ಮ ಬಿಟ್ಟಿದ್ದಾರೆ.

ಈಗ ಪೆಟ್ಟಿಗೆಯ ತೊಂದರೆ ಇಲ್ಲ ಅಲ್ವಾ, ಅದಕ್ಕೇ ನನಗೆ ಇನ್ನೂ ಹೊಟ್ಟೆ ಉರಿಯುದು. ಸಿನಿಮಾ ಈಗ ಸ್ಯಾಟಲೈಟಿನಿಂದಲೋ ಹಾರ್ಡ್ ಡಿಸ್ಕಲ್ಲೋ ಬರುದು, ಅದಕ್ಕೆ ತಲಪಾಡಿ ಚೆಕ್‌ಪೋಸ್ಟ್ ಇಲ್ಲ, ಪ್ರಿಂಟ್ ಹಾಕಿಸುವ ಖರ್ಚೂ ಇಲ್ಲ. ಕನ್ನಡದ ದೊಡ್ಡ ಸಿನಿಮಾಗಳು ಕೇರಳಕ್ಕೆ ಬರ್ತಾ ಉಂಟು, ಆದ್ರೆ ಹೆಚ್ಚಾಗಿ ಮಲಯಾಳಕ್ಕೆ ಡಬ್ ಆಗಿ. ತುಳುನಾಡಿನ ಕಥೆಯನ್ನು ತುಳುನಾಡಿನಲ್ಲೇ ಕೂತು ಮಲಯಾಳದಲ್ಲಿ ಕೇಳುವಾಗ ನನಗೆ ಹೇಗೆ ಆಗಿರಬಹುದು ನೀವೇ ಯೋಚನೆ ಮಾಡಿ. ನಿಮಗೆ ಬೆಂಗಳೂರಲ್ಲಿ ವಿತರಣೆಯವರು ಯಾರಾದ್ರೂ ಪರಿಚಯ ಇದ್ರೆ ಇಷ್ಟು ಹೇಳಿ, ಕಾಸರಗೋಡಿಗೆ ವಾರಕ್ಕೆ ಒಂದೇ ಒಂದು ಕನ್ನಡ ಶೋ ಕೊಟ್ರೂ ಸಾಕು. ಆದಿತ್ಯವಾರದ ಮ್ಯಾಟಿನಿ ಆದ್ರೆ ಒಳ್ಳೇದು, ಸಂಜೆ ಬಸ್ಸು ಸಿಗ್ತದೆ, ಅಮ್ಮನನ್ನು ಕರ್ಕೊಂಡು ನಾನೇ ಹೋಗ್ತೇನೆ.